ಪರದೇಶದ ಚಳಿಗೆ ಜೊತೆಯಾದ ಪಾಪಿ

ಸೋದರಿಯರೇ, ನಿಮ್ಮ ಮಗಳೋ ಸೊಸೆಯೋ ತಂಗಿಯೋ ಪರದೇಶದಲ್ಲಿದ್ದರೆ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಮಾತಾಡುತ್ತೀರಲ್ಲವೇ? "ಆರಾಮ ಅದಿಯೇನವಾ?" ಎಂದು ನೀವು ಕೇಳುತ್ತೀರಿ. "ಹೂಂ, ಆರಾಮ ಅದೀನಿ" ಎಂದು ಆಕೆ ಹೇಳುತ್ತಾಳೆ. ಏನು ಅಡುಗೆ, ಚಳಿ ಎಷ್ಟು, ಅಳಿಯಂದಿರು ಬಂದರೇ, ಇಷ್ಟಕ್ಕೆ ಮಾತು ಮುಗಿಯಿತು. ನವೆಂಬರದಿಂದ ಫೆಬ್ರವರಿಯವರೆಗೆ ಆಕೆಗೆ ಇನ್ನೂ ಒಂದು ಪ್ರಶ್ನೆ ಕೇಳಿ ನೋಡಿ: "ಇವತ್ತು ಬೆಳಕಿದ್ದಾಗ ಮನಿ ಬಿಟ್ಟು ಹೊರಗ ಹೋಗಿದ್ದೇನು?" ಆಕೆ ತಡವರಿಸಿದರೆ ಫೋನು ಇಡಬೇಡಿ. ಯಾಕೆ ಎನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಒಂದು ನಾಯಿಯ ಕಥೆಯೂ ಬರುತ್ತದೆ.

ನಮ್ಮ ಮನೆಯವರು ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಾರೆ. 2022ರ ಸೆಪ್ಟೆಂಬರದಲ್ಲಿ ಅವರನ್ನು ಎರಡು ವರ್ಷದ ಮಟ್ಟಿಗೆ ಇಂಗ್ಲೆಂಡಿನ ಶೆಫೀಲ್ಡಿಗೆ ಕಳಿಸಿದರು. ಮಗ ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದ. "ನೀನೂ ಹೋಗಿ ಬಾರವಾ, ಎರಡ ವರ್ಷ ಅಂದ್ರ ಎಷ್ಟೊತ್ತು" ಎಂದು ಅತ್ತೆಯವರೇ ಕಳಿಸಿಕೊಟ್ಟರು. ಬೈಲಹೊಂಗಲ ಬಿಟ್ಟರೆ ಬೆಳಗಾವಿ, ಧಾರವಾಡ, ಒಮ್ಮೆ ಶ್ರೀಶೈಲ, ಇಷ್ಟು ಮಾತ್ರ ನೋಡಿದ್ದ ನಾನು ವಿಮಾನ ಹತ್ತಿದೆ. ಕಿತ್ತೂರ ಚೆನ್ನಮ್ಮನನ್ನು ನಮ್ಮೂರ ಕೋಟೆಯಲ್ಲಿ ಸೆರೆಯಿಟ್ಟು, 1829ರಲ್ಲಿ ಆಕೆ ಅಲ್ಲೇ ತೀರಿಹೋಗುವವರೆಗೆ ಬಿಡದಿದ್ದವರ ನಾಡಿಗೆ ನಾನು ಸ್ವೆಟರು ಕಟ್ಟಿಕೊಂಡು ಹೊರಟಿದ್ದೇನಲ್ಲ ಎಂದು ದಾರಿಯಲ್ಲಿ ಅನಿಸಿದ್ದುಂಟು.

ಶೆಫೀಲ್ಡ್ ಎಂದರೆ ಉಕ್ಕಿನ ಊರು. ನಾವು ದಿನಾ ತಿಕ್ಕುವ ಸ್ಟೀಲಿನ ಪಾತ್ರೆಗಳಿವೆಯಲ್ಲ, ತುಕ್ಕು ಹಿಡಿಯದ ಆ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಎಂಬವರು 1913ರಲ್ಲಿ ತಯಾರಿಸಿದ್ದು ಇದೇ ಊರಿನಲ್ಲಿ. ಓಣಿಗೆ ಬಂದ ಪಾತ್ರೆಯವಳಿಗೆ ಹಳೆ ಸೀರೆ ಕೊಟ್ಟು, ಚೌಕಾಸಿ ಮಾಡಿ ಸ್ಟೀಲ್ ಡಬ್ಬಿ ತಗೊಳ್ಳುವಾಗ ಇದು ಯಾರಿಗೆ ಗೊತ್ತಿತ್ತು!

ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಅಕ್ಟೋಬರದ ಕೊನೆಯ ರವಿವಾರ ಆ ದೇಶದವರೆಲ್ಲ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಶುರುವಾಯಿತು ನೋಡಿ ಕತ್ತಲೆ. ಡಿಸೆಂಬರದಲ್ಲಿ ಬೆಳಿಗ್ಗೆ ಎಂಟು ದಾಟಿದ ಮೇಲೆ ಬೆಳಗು, ಮಧ್ಯಾಹ್ನ ನಾಲ್ಕರೊಳಗೆ ಮುಳುಗು. ನಡುವಿನ ಹೊತ್ತಿನಲ್ಲೂ ಆಕಾಶವೆಂದರೆ ಬೂದಿ ಬಳಿದ ಹಂಚಿನ ಹಾಗೆ. ಮನೆಯವರು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದರು. ಆ ವರ್ಷ ಅಲ್ಲಿ ಗ್ಯಾಸು, ಕರೆಂಟಿನ ದರ ವಿಪರೀತ ಏರಿತ್ತು. ಹೀಟರು ಹಚ್ಚಲು ಕೈ ಬಾರದೆ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಕೌದಿ ಹೊದ್ದು ಕೂತಿರುತ್ತಿದ್ದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಇಂಗ್ಲಿಷು ಓದಿದರೆ ತಿಳಿಯುತ್ತದೆ, ಆದರೆ ಎದುರಿಗೆ ನಿಂತು ಮಾತಾಡು ಎಂದರೆ ನಾಲಿಗೆ ಏಳುವುದಿಲ್ಲ. ಕಿರಾಣಿಯನ್ನು ಮನೆಯವರೇ ತರುತ್ತಿದ್ದರು. ಹೀಗಾಗಿ ಹೊಸ್ತಿಲು ದಾಟುವ ಕೆಲಸವೇ ಇಲ್ಲ. ಜನವರಿ ಹೊತ್ತಿಗೆ ಲೆಕ್ಕ ಹಾಕಿದರೆ ಮೂರು ವಾರ ನಾನು ಬಾಗಿಲಿನಿಂದ ಹೊರಗೆ ಕಾಲಿಟ್ಟಿರಲಿಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲು ತೂಕಡಿಕೆ. ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ ರವೆ ಹಾಕುವುದನ್ನು ಮರೆತು ನಿಂತಿರುತ್ತಿದ್ದೆ. ಕಾರಣವಿಲ್ಲದೆ ಕಣ್ಣಲ್ಲಿ ನೀರು. ಅವ್ವನಿಗೆ ಫೋನಿನಲ್ಲಿ ಮಾತ್ರ ದಿನಾ ಅದೇ ಮಾತು: ಆರಾಮ ಅದೀನಿ.

ಮನೆಯವರು ಒತ್ತಾಯ ಮಾಡಿ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಸಮಾಧಾನದಿಂದ ಕೇಳಿದರು. ಚಳಿಗಾಲದ ಕತ್ತಲೆಗೆ ಹೀಗೆ ಮನಸ್ಸು ಕುಗ್ಗುವುದು ಅಲ್ಲಿಯವರಿಗೂ ಆಗುತ್ತದಂತೆ, ಅದಕ್ಕೊಂದು ಹೆಸರೂ ಇದೆಯಂತೆ. ಎರಡು ಮಾತು ಹೇಳಿದರು. ಒಂದು, ವಿಟಮಿನ್ ಡಿ ಗುಳಿಗೆ. ಅಲ್ಲಿ ಚಳಿಗಾಲದ ಬಿಸಿಲಿಗೆ ನಮ್ಮ ಚರ್ಮದಲ್ಲಿ ಅದನ್ನು ಹುಟ್ಟಿಸುವಷ್ಟು ಕಸುವಿಲ್ಲ. ಅದಕ್ಕೇ ಅಕ್ಟೋಬರದಿಂದ ಮಾರ್ಚಿನವರೆಗೆ ದಿನಕ್ಕೆ 10 ಮೈಕ್ರೋಗ್ರಾಂ ತಗೊಳ್ಳಿರಿ ಎಂದು ಅಲ್ಲಿಯ ಸರಕಾರವೇ ಎಲ್ಲರಿಗೂ ಹೇಳುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಇನ್ನೂ ಹೆಚ್ಚು ಬಿಸಿಲು ಬೇಕಾಗುವುದರಿಂದ, ವರ್ಷವಿಡೀ ತಗೊಳ್ಳುವುದನ್ನು ಯೋಚಿಸಿ ಎನ್ನುತ್ತಾರೆ. ಎರಡನೆಯದು, ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ಹೊರಗೆ ನಡೆಯಿರಿ ಎಂಬುದು. ಸೂರ್ಯನೇ ಕಾಣದಿದ್ದರೆ? ಮೋಡ ಮುಸುಕಿದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಹಲವು ಪಟ್ಟು ಹೆಚ್ಚಂತೆ.

ಗುಳಿಗೆ ನುಂಗುವುದು ಸುಲಭ. ನಡೆಯುವುದು ಎಲ್ಲಿಗೆ ಹೇಳಿ? ನಮ್ಮ ಕಡೆ ಹೆಣ್ಣುಮಕ್ಕಳು ಊರ ಹೊರಗೆ ನಡೆಯುವುದಕ್ಕೆ ಒಂದು ಕಾರಣ ಇರಲೇಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ, ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಶ್ರಾವಣದಲ್ಲಿ ಸೊಗಲಕ್ಕೆ. ಸುಮ್ಮನೆ ಹೊರಟರೆ ಮೂರನೇ ಮನೆಯ ಕಟ್ಟೆಯಿಂದಲೇ "ಎಲ್ಲಿಗೆ ಹೊಂಟೀರಿ ಅಕ್ಕಾರ?" ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಯಾರೂ ಕೇಳುವುದಿಲ್ಲ ನಿಜ, ಆದರೆ ಕೇಳುವ ಕಟ್ಟೆಯನ್ನು ನಾವು ತಲೆಯಲ್ಲೇ ಇಟ್ಟುಕೊಂಡು ವಿಮಾನ ಹತ್ತಿರುತ್ತೇವೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಎಂಬತ್ತರ ಮೇಲೆ ವಯಸ್ಸು, ಒಬ್ಬರೇ, ಸೊಂಟದ ಮೂಳೆಯ ಆಪರೇಷನ್ ಆಗಿತ್ತು. ಅವರಿಗೊಂದು ನಾಯಿ. ಅಲ್ಲಿ ಸಿನಮನ್ ಟ್ರಸ್ಟ್ ಎಂಬ ಸಂಸ್ಥೆ 1985ರಿಂದ ಇದೆ. ಸಿನಮನ್ ಎಂದರೆ ನಮ್ಮ ದಾಲ್ಚಿನ್ನಿ. ಮುದುಕರು, ಕೈಲಾಗದವರು ತಮ್ಮ ಸಾಕುಪ್ರಾಣಿಯನ್ನು ಬಿಟ್ಟುಕೊಡಬೇಕಾಗಬಾರದು ಎಂದು ಆ ಸಂಸ್ಥೆ ನಾಯಿ ತಿರುಗಾಡಿಸುವ ಜನರನ್ನು ಸಂಬಳವಿಲ್ಲದೆ ಒದಗಿಸುತ್ತದೆ. ಅಜ್ಜಿಯ ನಾಯಿಗೆ ವಾರದ ದಿನಗಳಿಗೆ ಜನ ಸಿಕ್ಕಿದ್ದರು, ಶನಿವಾರ ರವಿವಾರಕ್ಕೆ ಸಿಕ್ಕಿರಲಿಲ್ಲ. ಒಂದು ದಿನ ಕಸದ ಡಬ್ಬಿ ಇಡುವಾಗ ಅಜ್ಜಿ ನನ್ನನ್ನು ನಿಲ್ಲಿಸಿ, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು. ನನಗೆ "ಇಲ್ಲ" ಎನ್ನಲು ಇಂಗ್ಲಿಷು ಸಾಲಲಿಲ್ಲ ಎಂದರೂ ಸರಿಯೇ!

ನಾಯಿ ಎಂದರೆ ನನಗೆ ಹೆದರಿಕೆ. ನಮ್ಮ ಓಣಿಯ ಹುಡುಗನೊಬ್ಬನಿಗೆ ಹುಚ್ಚುನಾಯಿ ಕಡಿದು ಅವರ ಮನೆಯವರು ಪಟ್ಟ ಪಾಡನ್ನು ಸಣ್ಣವಳಿದ್ದಾಗ ಕಂಡಿದ್ದೇನೆ. ಅಲ್ಲಿ ನಾಯಿಗಳ ಹುಚ್ಚುರೋಗವನ್ನು 1922ರಷ್ಟು ಹಿಂದೆಯೇ ತೊಲಗಿಸಿದ್ದಾರೆಂದು ತಿಳಿದ ಮೇಲೆ ಅರ್ಧ ಧೈರ್ಯ ಬಂತು. (ನಮ್ಮಲ್ಲಿ ಮಾತ್ರ, ತಾಯಂದಿರೇ, ನಾಯಿ ಕಚ್ಚಿದರೆ ಸುಣ್ಣ, ಅರಿಷಿಣ, ಖಾರದಪುಡಿ ಎಂದು ಏನೂ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಕೂಡಲೇ ದವಾಖಾನೆಗೆ ಹೋಗಿ ಇಂಜೆಕ್ಷನ್ ಹಾಕಿಸಿ. ಹೇಳಿದಷ್ಟು ಸಾರಿ ಎಲ್ಲ ಹಾಕಿಸಬೇಕು.)

ಉಳಿದರ್ಧ ಧೈರ್ಯ ನಾಯಿಯನ್ನು ನೋಡಿದ ಮೇಲೆ ಬಂತು. ಸಪೂರ ನಡು, ಉದ್ದ ಮೋರೆ, ಬೆತ್ತದಂಥ ಕಾಲು. ಅರೆ, ಇದು ನಮ್ಮ ಮುಧೋಳ ನಾಯಿಯ ತಂಗಿಯಲ್ಲವೇ! ರಾಮದುರ್ಗ ದಾಟಿ ಲೋಕಾಪುರದ ಮೇಲೆ ಮುಧೋಳಕ್ಕೆ ಹೋದವರೆಲ್ಲ ಆ ನಾಯಿ ಕಂಡವರೇ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದಿದೆ, 2016ರಲ್ಲಿ ಸೈನ್ಯದವರೂ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿದ್ದಾರೆ. ಮುಧೋಳದ ರಾಜರು ಹಿಂದೆ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರೆಂದೂ ಹೇಳುತ್ತಾರೆ. ಅಜ್ಜಿಯ ನಾಯಿಯ ಜಾತಿಗೆ ವಿಪೆಟ್ ಎನ್ನುತ್ತಾರೆ. ಇಂಗ್ಲೆಂಡಿನ ಉತ್ತರ ಸೀಮೆಯ ಗಣಿ, ಗಿರಣಿ ಕೂಲಿಕಾರರು ಕುದುರೆ ಸಾಕಲಾಗದೆ ಇದನ್ನು ಸಾಕಿ, ಅರಿವೆ ಬೀಸಿ ಕರೆದು ಓಟದ ಪಂದ್ಯ ಆಡುತ್ತಿದ್ದರಂತೆ. ಬಡವರ ಮನೆಯ ನಾಯಿ ಎಂದು ಕೇಳಿ ನನಗೆ ಇನ್ನಷ್ಟು ಹತ್ತಿರವಾಯಿತು.

ಆದರೆ ಹೆಸರು! ಅಲ್ಲಿ ಕೆಂಪು ಗಸಗಸೆ ಹೂವಿಗೆ ಪಾಪಿ ಎನ್ನುತ್ತಾರೆ, ಅದೇ ಹೆಸರು ಈ ನಾಯಿಗೆ. ರಸ್ತೆಯಲ್ಲಿ ನಿಂತು "ಪಾಪೀ, ಬಾ ಇಲ್ಲಿ" ಎಂದು ಕೂಗುವುದು ನನ್ನ ಪಾಲಿಗೆ ಬಂತು. ಅವ್ವ ಫೋನಿನಲ್ಲಿ ಕೇಳಿಸಿಕೊಂಡು, "ಯಾರಿಗೆ ಪಾಪಿ ಅಂತೀಯ, ಅಳಿಯಂದಿರಿಗೇನ?" ಎಂದು ಗಾಬರಿಯಾದಳು. ನಾಯಿ ರಸ್ತೆಯಲ್ಲಿ ಕೂತರೆ ಅದರ ಹೊಲಸನ್ನು ನಾವೇ ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ದಂಡ. ಅದನ್ನು ಕೇಳಿದ ಮೇಲಂತೂ, "ಇಂಗ್ಲೆಂಡಿಗೆ ಹೋಗಿ ನಾಯಿ ಹೊಲಸು ಬಾಚತೀಯೇನ ನಮ್ಮವ್ವ!" ಎಂದು ಒಂದು ವಾರ ಓಣಿಗೆಲ್ಲ ಹೇಳಿಕೊಂಡು ತಿರುಗಿದಳಂತೆ. ಎಮ್ಮೆಯ ಸಗಣಿ ಬಾಚಿ ಕುಳ್ಳು ತಟ್ಟಿದ ಕೈಗೆ ಇದೇನು ದೊಡ್ಡದು ಎಂದು ನಾನು ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದೆ.

ಶನಿವಾರ ಹತ್ತಿರದ ಎಂಡ್‌ಕ್ಲಿಫ್ ಪಾರ್ಕು. ಹಳ್ಳದ ಗುಂಟ ನಡೆದರೆ ಹಿಂದೆ ಚೂರಿ, ಕತ್ತಿ ಸಾಣೆ ಹಿಡಿಯಲು ನೀರು ನಿಲ್ಲಿಸುತ್ತಿದ್ದ ಕೆರೆಗಳು ಒಂದರ ಮೇಲೊಂದು ಸಿಗುತ್ತವೆ. ರವಿವಾರ ಮನೆಯವರನ್ನೂ ಎಬ್ಬಿಸಿಕೊಂಡು ಲಾಂಗ್‌ಷಾಕ್ಕೆ ಹೋಗುತ್ತಿದ್ದೆವು. ಬಸ್ಸಿನಲ್ಲಿ ನಾಯಿಯನ್ನು ಕಾಲ ಬಳಿ ಕೂಡಿಸಿಕೊಳ್ಳಬಹುದು, ರೈಲಿನಲ್ಲಿ ಒಬ್ಬರಿಗೆ ಎರಡು ನಾಯಿಯವರೆಗೆ ಟಿಕೀಟೇ ಇಲ್ಲ. ನಮ್ಮ ಬಸ್ಸಿನಲ್ಲಿ ಕೋಳಿಗೂ ಅರ್ಧ ಟಿಕೀಟು ಹರಿಯುವುದನ್ನು ನೆನೆದು ಮನೆಯವರು ನಗುತ್ತಿದ್ದರು.

ಲಾಂಗ್‌ಷಾ ಎಂದರೆ ಊರಿಗೆ ಹತ್ತಿದ ಗುಡ್ಡದ ಸೀಮೆ. ಚಳಿಗಾಲದಲ್ಲಿ ಅಲ್ಲಿಯ ಗಿಡಗಂಟಿ ಎಲ್ಲ ಕಂದು, ಕಾಫಿಪುಡಿ ಚೆಲ್ಲಿದ ಹಾಗೆ. ನಡುವೆ ಒಂದು ಹಳ್ಳ ಕಲ್ಲಿಂದ ಕಲ್ಲಿಗೆ ಜಿಗಿಯುತ್ತ ಪ್ಯಾಡ್ಲಿ ಎಂಬ ಕೊರಕಲಿಗೆ ಇಳಿಯುತ್ತದೆ. ಹಿಮ ಬಿದ್ದ ದಿನ ಅದರ ಸದ್ದೊಂದೇ ಸದ್ದು. ಅಲ್ಲಿ ಮೊದಲ ಸಾರಿ ನಡೆದಾಗ ಕಂಡದ್ದನ್ನು ನಾನು ಮರೆಯಲಾರೆ. ಹಾವಸೆಗಟ್ಟಿದ ಮರಗಳ ಕೆಳಗೆ ಬೀಸುವ ಕಲ್ಲುಗಳು ಬಿದ್ದಿವೆ! ಒಂದಲ್ಲ ಎರಡಲ್ಲ, ನನ್ನ ಎದೆಮಟ್ಟದ ದುಂಡು ಕಲ್ಲುಗಳು, ನಟ್ಟನಡುವೆ ಗೂಟಕ್ಕೆ ತೂತು ಬೇರೆ. ಹಿಂದಿನ ಕಾಲದಲ್ಲಿ ಹಿಟ್ಟಿನ ಗಿರಣಿಗಳಿಗೆಂದು ಅಲ್ಲಿಯ ಗುಡ್ಡದಲ್ಲೇ ಕಡಿಯುತ್ತಿದ್ದರಂತೆ. ಬೇಡಿಕೆ ಬಿದ್ದುಹೋದಾಗ ಕಡಿದಿಟ್ಟದ್ದನ್ನು ಅಲ್ಲಲ್ಲೇ ಬಿಟ್ಟು ಹೋದರು. ನಮ್ಮಜ್ಜಿಯ ಬೀಸುಕಲ್ಲು ನೆನಪಾಗಿ, ಕೈಗವಸು ತೆಗೆದು ಒಂದು ಕಲ್ಲನ್ನು ಮುಟ್ಟಿದೆ. ಹಲ್ಲು ಹಾಕಿದ ಗೆರೆಗಳು ಇನ್ನೂ ಕೈಗೆ ಹತ್ತುತ್ತಿದ್ದವು. ಪಾಪಿ ಅದರ ನೆರಳಿಗೆ ನಿಂತು ಗಡಗಡ ನಡುಗುತ್ತಿದ್ದಳು, ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಬೆನ್ನ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಜೋಳದ ಹಿಟ್ಟು ಅಲ್ಲಿಯ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ. ಅಜ್ಜಿಯ ಒಪ್ಪಿಗೆ ಕೇಳಿಯೇ ಒಂದು ಚೂರು ಬರಿ ರೊಟ್ಟಿ ಪಾಪಿಗೆ.

ಯಾಕೆಂದರೆ ನಾಯಿಗೆ ನಮ್ಮ ಅಡುಗೆಮನೆಯ ಎಷ್ಟೋ ಪದಾರ್ಥ ವಿಷ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಚಾಕಲೇಟು, ಹಸಿ ದ್ರಾಕ್ಷಿ, ಒಣ ದ್ರಾಕ್ಷಿ ಯಾವುದೂ ಕೂಡದು. ಕ್ರಿಸ್‌ಮಸ್ಸಿಗೆ ಮನೆಮನೆಯಲ್ಲೂ ಒಣದ್ರಾಕ್ಷಿ ತುಂಬಿದ ಕರಿಗಡಬಿನಂಥ ತಿಂಡಿ ಮಾಡುತ್ತಾರೆ, ಆಗ ನಾಯಿಗಳನ್ನು ಬಹಳ ಕಾಯಬೇಕು. ನಮ್ಮ ಮಂದಿ ಉಳಿದ ಸಾರನ್ನ ನಾಯಿಗೆ ಸುರಿಯುತ್ತೇವಲ್ಲ, ಅದರಲ್ಲಿ ಉಳ್ಳಾಗಡ್ಡಿ ಇಲ್ಲದ ದಿನ ಯಾವುದು? ರಸ್ತೆಯ ಹಿಮ ಕರಗಲೆಂದು ಅಲ್ಲಿ ಉಪ್ಪು ಚೆಲ್ಲಿರುತ್ತಾರೆ. ನಾಯಿಯ ಅಂಗಾಲು ಬಿರಿಯುತ್ತದೆ, ನೆಕ್ಕಿದರೆ ಹೊಟ್ಟೆ ಕೆಡುತ್ತದೆ. ಮನೆಗೆ ಬಂದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ನಾಲ್ಕೂ ಕಾಲು ತೊಳೆದು ಬೆರಳ ಸಂದಿ ಒರೆಸಬೇಕು. ಕಾರಿನ ನೀರು ಹೆಪ್ಪುಗಟ್ಟದಂತೆ ಹಾಕುವ ಔಷಧ ರುಚಿಗೆ ಸಿಹಿ, ಕುಡಿದರೆ ನಾಯಿ ಸಾಯುತ್ತದೆ. ಹೆಪ್ಪುಗಟ್ಟಿದ ಕೆರೆಯ ಹತ್ತಿರ ಹಗ್ಗ ಬಿಡಲೇಬಾರದು. ಇದೆಲ್ಲ ಅಜ್ಜಿ ಚೀಟಿ ಬರೆದು ಬಾಗಿಲಿಗೆ ಅಂಟಿಸಿದ್ದರು. ನಾನು ಹಾಗೆ ಇಂಗ್ಲಿಷು ಕಲಿತೆ ಎನ್ನಬೇಕು.

ಕುರಿಗಳಿರುವಲ್ಲಿ ಹಗ್ಗದ ನಿಯಮ ಇನ್ನೂ ಕಟ್ಟುನಿಟ್ಟು. ಕುರಿಯನ್ನು ಅಟ್ಟಿಸಿಕೊಂಡು ಹೋಗಿ ಕಾಡುವ ನಾಯಿಯನ್ನು ಬೇರೆ ದಾರಿ ಇಲ್ಲದಾಗ ರೈತ ಗುಂಡಿಕ್ಕಿದರೂ ಕಾನೂನು ಅವನ ಕಡೆಗೇ ಇದೆ. ಅದೇ ಲಾಂಗ್‌ಷಾದಲ್ಲಿ 1898ರಿಂದ ಕುರಿನಾಯಿಗಳ ಪಂದ್ಯ ನಡೆಯುತ್ತದೆ. ಸೀಟಿಯ ಮೇಲೆ ನಾಯಿಗಳು ಕುರಿ ಹಿಂಡನ್ನು ದೊಡ್ಡಿಗೆ ಸೇರಿಸಬೇಕು. 2023ರ ಸೆಪ್ಟೆಂಬರದಲ್ಲಿ ನಾವೂ ನೋಡಿ ಬಂದೆವು. ನಮ್ಮ ಕುರುಬರ ನಾಯಿಗಳಿಗೆ ಪಂದ್ಯವಿಟ್ಟರೆ ಅವೇನು ಕಡಿಮೆಯೇ ಎಂದು ನನಗೆ ಅನಿಸಿತು. ಹಾಗೆಂದು ಅಲ್ಲಿಯ ನಾಯಿಗಳೆಲ್ಲ ಸಾಧು ಎಂದುಕೊಳ್ಳಬೇಡಿ. ಅದೇ ಡಿಸೆಂಬರದ ಕೊನೆಗೆ ಎಕ್ಸ್ಎಲ್ ಬುಲ್ಲಿ ಎಂಬ ದೈತ್ಯ ಜಾತಿಯನ್ನು ಬಾಯಿಕುಕ್ಕೆ, ಹಗ್ಗ ಇಲ್ಲದೆ ಹೊರಗೆ ತರಕೂಡದೆಂದು ಕಾನೂನು ಬಂತು, ಜನರನ್ನು ಕಚ್ಚಿ ಕೊಂದಿದ್ದಕ್ಕೆ. ಅಂಥದೊಂದು ದೂರದಲ್ಲಿ ಕಂಡರೂ ಪಾಪಿಯೂ ನಾನೂ ಒಂದೇ ಸಲಕ್ಕೆ ದಾರಿ ಬದಲಿಸುತ್ತಿದ್ದೆವು.

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ನಾಯಿ ಇಲ್ಲದೆ ನಾನೊಬ್ಬಳೇ ಪಾರ್ಕಿನಲ್ಲಿ ನಡೆದಿದ್ದರೆ ಯಾರೂ ಮಾತಾಡಿಸುತ್ತಿರಲಿಲ್ಲ, ನಾನೂ ತಲೆ ಎತ್ತುತ್ತಿರಲಿಲ್ಲ. ಹಗ್ಗದ ತುದಿಗೆ ಪಾಪಿ ಇದ್ದುದರಿಂದ ಎದುರು ಬಂದವರೆಲ್ಲ ನಿಲ್ಲುವವರೇ. ಮೊದಲು ಅದರ ಹೆಸರು, ವಯಸ್ಸು, ಆಮೇಲೆ ಮಳೆಯ ವಿಚಾರ. ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಅವರಿಗೆ ನನ್ನ ಹೆಸರು ನಾಲಿಗೆಗೆ ಹತ್ತದೆ "ಪಾಪಿಯ ತಾಯಿ" ಎಂದು ಕರೆಯತೊಡಗಿದರು. ಕನ್ನಡದಲ್ಲಿ ಇದರ ಅರ್ಥ ಏನೆಂದು ನಾನು ಯಾರಿಗೂ ಹೇಳಲಿಲ್ಲ. ಒಬ್ಬಾಕೆ ಪಾಕಿಸ್ತಾನದ ಮೀರಪುರದ ಕಡೆಯವರು, ನಾಯಿಗೆ ಹೆದರಿ ಬೇಲಿಯ ಆಚೆಯೇ ನಿಲ್ಲುತ್ತಿದ್ದರು. ಅವರೂ ಎರಡನೇ ಚಳಿಗಾಲಕ್ಕೆ ನಮ್ಮ ಜೊತೆ ನಡೆಯತೊಡಗಿದರು, ಪಾಪಿಗೂ ತಮಗೂ ನಡುವೆ ನನ್ನನ್ನು ಹಾಕಿಕೊಂಡು.

ಆ ಗುಡ್ಡಗಳಲ್ಲಿ ನಡೆಯುವ ಹಕ್ಕು ಅಲ್ಲಿಯ ಬಡವರಿಗೂ ಪುಕ್ಕಟೆ ಸಿಕ್ಕದ್ದಲ್ಲ. ಸಿರಿವಂತರು ಹಕ್ಕಿ ಬೇಟೆಗೆಂದು ಗುಡ್ಡಗಳಿಗೆ ಬೇಲಿ ಹಾಕಿಟ್ಟಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್, ಶೆಫೀಲ್ಡಿನ ಕೂಲಿಕಾರ ಹುಡುಗರು ನೂರಾರು ಮಂದಿ ಕಿಂಡರ್ ಎಂಬ ಗುಡ್ಡಕ್ಕೆ ನುಗ್ಗಿ ನಡೆದರು. ಐವರಿಗೆ ಜೈಲಾಯಿತು. 1951ರಲ್ಲಿ ಆ ಸೀಮೆಯೇ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ವಾರಕ್ಕೊಂದು ರಜೆಯಲ್ಲಿ ಸುಮ್ಮನೆ ನಡೆಯಬೇಕು ಎಂಬ ಆಸೆಗೆ ಜೈಲು ಕಂಡವರಿದ್ದಾರೆಂದು ಕೇಳಿದ ಮೇಲೆ, ನನ್ನ ತಲೆಯೊಳಗಿನ ಕಟ್ಟೆಯ ಪ್ರಶ್ನೆಗೆ ಉತ್ತರ ಕೊಡುವುದನ್ನು ನಾನು ಬಿಟ್ಟೆ. ಫೆಬ್ರವರಿ ಮುಗಿಯುವುದರೊಳಗೆ ನಿದ್ದೆಯೂ ತಿರುಗಿ ಬಂತು. ಗುಳಿಗೆಯೋ, ಬೆಳಕೋ, ನಾಯಿಯೋ, ಯಾವುದರಿಂದ ಎಂದು ಡಾಕ್ಟರಮ್ಮನೂ ವಿಂಗಡಿಸಿ ಹೇಳಲಿಲ್ಲ. ಎಲ್ಲರ ಮನೆಯ ಪಕ್ಕ ನಾಯಿ ಇರುವುದಿಲ್ಲ ನಿಜ. ಆದರೆ ನಿಮ್ಮ ಮಗಳಿಗೆ ಶಾಲೆಯ ಮಗುವನ್ನು ಕರೆತರುವುದೋ, ಲೈಬ್ರರಿಗೆ ಪುಸ್ತಕ ಮರಳಿಸುವುದೋ, ಬೆಳಕಿನಲ್ಲೇ ಮಾಡಬೇಕಾದ ಹೊರಗಿನ ಕೆಲಸ ಒಂದಾದರೂ ಇದೆಯೇ ಎಂದು ವಿಚಾರಿಸಿ. ಅಳು, ನಿದ್ದೆಗೇಡು ಎರಡು ವಾರ ಮೀರಿದರೆ ಡಾಕ್ಟರಲ್ಲಿಗೆ ಹೋಗೆಂದು ಗದರಿ ಹೇಳಿ.

ವಿಪೆಟ್ ನಾಯಿಗೆ ಮೈಯಲ್ಲಿ ಕೊಬ್ಬಿಲ್ಲ, ಕೂದಲು ತೆಳು, ಚಳಿ ತಡೆಯದು. ಅಂಗಡಿಯ ಕೋಟುಗಳ ಬೆಲೆ ನೋಡಿ ನಾನೇ ಪಾಪಿಗೊಂದು ಕೌದಿ ಹೊಲಿದೆ. ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ ಉದ್ದ, ಎದೆಯ ಸುತ್ತಳತೆಯ ಮುಕ್ಕಾಲು ಅಗಲ. ಮೇಲೆ ನನ್ನ ಹಳೆ ಕೆಂಪು ನೂಲಿನ ಸೀರೆ, ಒಳಗೆ ಮನೆಯವರ ಹರಿದ ಉಲ್ಲನ್ ಸ್ವೆಟರು, ಕೆಳಗೆ ಮೆತ್ತನ್ನ ಪಂಜೆ. ಮೂರನ್ನೂ ಸೇರಿಸಿ ಕೌದಿಯ ಹಾಗೆ ಒತ್ತೊತ್ತಾಗಿ ದಾರ ಓಡಿಸಿದೆ. ಈ ನಾಯಿಗಳ ಎದೆ ಆಳ, ಆದ್ದರಿಂದ ಮುಂದೊಂದು ಪಟ್ಟಿ ಬೇಕು. ಗುಂಡಿ ಹಚ್ಚಬಾರದು, ಕಚ್ಚಿ ನುಂಗುತ್ತವೆ, ಹೊಟ್ಟೆಯ ಕೆಳಗೆ ಲಾಡಿ ಕಟ್ಟಿದರೆ ಸಾಕು. ಮಳೆಗೆಂದು ಮೇಲೊಂದು ಹೊದಿಕೆ, ಗಾಳಿಗೆ ಮುರಿದ ಕೊಡೆಯ ಅರಿವೆಯದು. ಪಾರ್ಕಿನಲ್ಲಿ ನಾಲ್ಕು ಮಂದಿ ಕೇಳಿ ಹೊಲಿಸಿಕೊಂಡರು, ದುಡ್ಡು ಕೊಡಲು ಬಂದರೆ ಉಲ್ಲನ್ ಉಂಡೆ ಕೊಡಿ ಎಂದೆ.

2024ರ ಆಗಸ್ಟಿನಲ್ಲಿ ನಾವು ಬೈಲಹೊಂಗಲಕ್ಕೆ ಮರಳಿದೆವು. ಈಗ ಕಾಲೇಜು ಹುಡುಗಿಯೊಬ್ಬಳು ಶನಿವಾರ ರವಿವಾರ ಪಾಪಿಯನ್ನು ತಿರುಗಾಡಿಸುತ್ತಾಳೆ. ಮೊನ್ನೆ ಚಳಿ ಶುರುವಾದಾಗ ಅಜ್ಜಿ ಆಕೆಯ ಕೈಯಿಂದ ಫೋಟೋ ಕಳಿಸಿದ್ದರು. ಕೌದಿಯನ್ನು ಮಷೀನಿಗೆ ಹಾಕಿ, ಸೀರೆಯ ಕೆಂಪು ಬಿಟ್ಟು, ಬಿಳಿ ಪಾಪಿ ಬೆನ್ನಿಡೀ ಗುಲಾಬಿಯಾಗಿದ್ದಳು. ಇದನ್ನು ಒಗೆಯುವುದು ಹೇಗೆ ಎಂದು ಅಜ್ಜಿಯ ಪ್ರಶ್ನೆ. ಒಂದು ಹಿಡಿ ಉಪ್ಪು ಹಾಕಿ ತಣ್ಣೀರಲ್ಲಿ ಅರ್ಧ ತಾಸು ನೆನೆಯಿಟ್ಟು ಕೈಯಲ್ಲೇ ಒಗೆಯಿರಿ, ಹಿಂಡಬೇಡಿ, ನೆರಳಲ್ಲಿ ಒಣಗಿಸಿರಿ ಎಂದು ಬರೆದೆ. ಆ ಊರಿನಲ್ಲಿ ನೆರಳಿಗೇನು ಕಡಿಮೆ ಎಂದು ನೆನಪಾಗಿ, ಕೊನೆಯ ಮಾತನ್ನು ಅಳಿಸಿ ಕಳಿಸಿದೆ.